ಕೂಗಿದ ಅಳತೆ, ಬರೆದ ಅಳತೆ

ಇಂಚಣ್ಣನ ಅಂಗಡಿಯಲ್ಲಿ ದಪ್ಪಗಿರುವವರ ಸೊಂಟದ ಅಳತೆಯನ್ನು ಇದ್ದ ಹಾಗೆ ಕೂಗುವ ರೂಢಿ ಇರಲಿಲ್ಲ. ಟೇಪು ನಲವತ್ತೆರಡು ತೋರಿಸಿದರೆ ಅವರು ಜೋರಾಗಿ "ಮೂವತ್ತೊಂಬತ್ತು" ಎನ್ನುತ್ತಿದ್ದರು. ಆಮೇಲೆ ಬಲಗೈ ನಡುಬೆರಳಿನ ಅಂಗುಸ್ತಾನದಿಂದ, ಅಂದರೆ ಸೂಜಿ ಚುಚ್ಚದಿರಲೆಂದು ಬೆರಳ ತುದಿಗೆ ಹಾಕಿಕೊಳ್ಳುವ ಉಕ್ಕಿನ ಟೊಪ್ಪಿಯಿಂದ, ಮೇಜಿನ ಅಂಚಿಗೆ ಮೂರು ಸಲ ತಟ್ಟುತ್ತಿದ್ದರು. ಟಕ್, ಟಕ್, ಟಕ್. ಮೇಜಿನ ಆಚೆ ಅಳತೆ ಪುಸ್ತಕ ಹಿಡಿದು ಕೂತ ಹೆಂಡತಿ ತಲೆ ಎತ್ತದೆ ಆ ಮೂರನ್ನು ಕೂಡಿ ನಲವತ್ತೆರಡು ಎಂದು ಬರೆದುಕೊಳ್ಳುತ್ತಿದ್ದರು. ಕೂಗಿದ್ದು ಗಿರಾಕಿಯ ಕಿವಿಗೆ, ಬರೆದದ್ದು ಕತ್ತರಿಗೆ.

ಇದನ್ನು ಅವರಿಗೆ ಕಲಿಸಿದ್ದು ಹದಿನೇಳನೇ ವಯಸ್ಸಿನಲ್ಲಿ ಕೆಲಸಕ್ಕಿಟ್ಟುಕೊಂಡ ಮೇಷ್ಟ್ರು. "ಹೊಟ್ಟೆ ಒಳಗೆ ಎಳ್ಕೊಂಡು ನಿಂತಿರೋನಿಗೆ ಯಾಕಪ್ಪಾ ಬೇಜಾರು ಮಾಡ್ತೀಯಾ? ಬಟ್ಟೆ ಮೈಗೆ ಸರಿಯಾಗಿ ಕೂತ್ರೆ ಸಾಕಲ್ವಾ" ಎಂದಿದ್ದರಂತೆ. ಅದು ನಿಜವೂ ಆಗಿತ್ತು. ಮೂವತ್ತು ವರ್ಷದಲ್ಲಿ ಒಬ್ಬ ಗಿರಾಕಿಯೂ ಆ ತಟ್ಟುವಿಕೆ ಏನೆಂದು ಕೇಳಿರಲಿಲ್ಲ. ಬಟ್ಟೆ ಕೊಡುವಾಗ ಮಾತ್ರ ಎಲ್ಲರಿಗೂ ಒಂದೇ ಮಾತು: "ಒಂದಿಂಚು ಒಳಗೆ ಬಿಟ್ಟಿದ್ದೀನಿ, ಬೇಕಾದಾಗ ಬನ್ನಿ, ಬಿಚ್ಚಿ ಕೊಡ್ತೀನಿ." ಹೆಸರು ಇಂಚಣ್ಣ ಎಂದಾದದ್ದು ಹಾಗೆ.

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಅವರದು ಎರಡು ಅಂತಸ್ತಿನ ಕಿರಿದಾದ ಮನೆ. ಕೆಳಗೆ ಅಂಗಡಿ: ಎರಡು ಹೊಲಿಗೆ ಯಂತ್ರ, ಆಳುದ್ದದ ಕನ್ನಡಿ, ಒಬ್ಬರು ಮಲಗಬಹುದಾದಷ್ಟು ದೊಡ್ಡ ಕತ್ತರಿಸುವ ಮೇಜು. ಮೇಲೆ ಎರಡು ಕೋಣೆ, ಅಡುಗೆಮನೆ. ನಡುವೆ ಹದಿನಾಲ್ಕು ಮೆಟ್ಟಿಲು. ನಾಲ್ಕು ಶಾಲೆಗಳ ಯೂನಿಫಾರಂ ಇವರೇ ಹೊಲಿಯುತ್ತಾರೆ. ಗುಂಡಿ ತೂರಿಸುವ ಕಾಜಾ, ಗುಂಡಿ, ಮಡಿಕೆ ಹೊಲಿಗೆ ಹೆಂಡತಿಯದು. ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳಿಗೆ ಹದಿನಾರು, ಚಿಕ್ಕವಳಿಗೆ ಒಂಬತ್ತು.

ಈ ಇಬ್ಬರು ಮಕ್ಕಳ ನಡುವೆ ಇಂಚಣ್ಣ ಒಂದು ಮೈಯನ್ನು ಬಿಟ್ಟು ಇನ್ನೊಂದಕ್ಕೆ ಬಂದಿದ್ದರು. ದೊಡ್ಡವಳು ಹುಟ್ಟುವ ಮುಂಚೆ ಅವರ ತೂಕ ನೂರ ಹದಿನೆಂಟು ಕಿಲೋ, ಹೆಂಡತಿಯದು ತೊಂಬತ್ತೆರಡು. ಆ ಬಸಿರಿನಲ್ಲಿ ಹೆಂಡತಿಗೆ ಸಕ್ಕರೆ ಕಾಯಿಲೆ ಕಾಣಿಸಿತು, ಹೆರಿಗೆಯ ನಂತರ ಹೋಯಿತು. ಇನ್ನೊಂದು ಮಗು ಬೇಕೆಂದರೆ ಮೊದಲು ತೂಕ ಇಳಿಸಿ ಬನ್ನಿ ಎಂದು ಆಗಿನ ವೈದ್ಯರು ಹೇಳಿ ಕಳಿಸಿದರು. ಐದು ವರ್ಷ ಆ ಮಾತು ಮೂಲೆಯಲ್ಲೇ ಬಿದ್ದಿತ್ತು. ಒಂದು ದಿನ ಹೆಂಡತಿ ಅದನ್ನು ಎತ್ತಿಕೊಂಡರು.

"ನಾನೊಬ್ಳೇ ಸೊಪ್ಪು ತಿಂತಾ ಕೂತ್ಕೊಳ್ಳೋದು, ನೀವು ಎದುರಿಗೆ ಕೂತು ಕರಿದಿದ್ದು ಮೆಲ್ಲೋದು, ಅದಾಗಲ್ಲ ರೀ. ತಿಂದ್ರೆ ಇಬ್ರೂ ಒಂದೇ ತಿನ್ನೋಣ."

ಒಂದೂವರೆ ವರ್ಷದಲ್ಲಿ ಇಂಚಣ್ಣ ಎಂಬತ್ತೊಂದಕ್ಕೆ ಇಳಿದರು, ಹೆಂಡತಿ ಅರವತ್ತಾರಕ್ಕೆ. ಬೆಳಿಗ್ಗೆ ಶಾಲೆಯ ಮೈದಾನದಲ್ಲಿ ಸುತ್ತು ಹಾಕುವಾಗ ಆರು ವರ್ಷದ ದೊಡ್ಡವಳು ಅಪ್ಪನ ಕಿರುಬೆರಳು ಹಿಡಿದು ಜೊತೆಗೆ ನಡೆಯುತ್ತಿದ್ದಳು. ಇಂಚಣ್ಣ ತಮ್ಮ ಪ್ಯಾಂಟುಗಳನ್ನು ತಾವೇ ಬಿಚ್ಚಿ ಬಿಗಿ ಮಾಡುತ್ತ ಹೋದರು. ಕೊನೆಗೆ ಹಿಂದಿನ ಎರಡು ಜೇಬುಗಳು ಒಂದಕ್ಕೊಂದು ತಾಗಿ ಇನ್ನು ಬಿಗಿ ಮಾಡಲು ಜಾಗವೇ ಉಳಿಯಲಿಲ್ಲ. ಎದುರು ಅಂಗಡಿಯ ಇಸ್ತ್ರಿಯವನು ದಿನಾ ಕೂಗುತ್ತಿದ್ದ: "ಏನ್ ಇಂಚಣ್ಣ, ಉಳಿದ ಅರ್ಧ ಎಲ್ಲಿ ಬಿಟ್ಟು ಬಂದ್ರಿ?"

"ಒಳಗೆ ಮಡಚಿ ಇಟ್ಟಿದ್ದೀನಿ, ಬೇಕಾದ್ರೆ ಬಿಚ್ಕೋತೀನಿ" ಎಂದು ಇವರೂ ನಗುತ್ತಿದ್ದರು. ನಲವತ್ತೆಂಟು ಇಂಚಿನ ಒಂದು ಕಂದು ಪ್ಯಾಂಟನ್ನು ಮಾತ್ರ ಬಿಗಿ ಮಾಡದೆ ಟ್ರಂಕಿನ ತಳದಲ್ಲಿ ಇಟ್ಟುಕೊಂಡರು, ಗುರುತಿಗೆ ಎಂದು.

ಆಮೇಲೆ ಚಿಕ್ಕವಳು ಹುಟ್ಟಿದಳು. ಸಣಕಲಿ, ಕಾಲು ಒಂದು ಕಡೆ ನಿಲ್ಲದವಳು. ಮೆಟ್ಟಿಲನ್ನು ಎರಡೆರಡಾಗಿ ಹಾರುತ್ತಿದ್ದಳು. ದೊಡ್ಡವಳು ಮೂರನೇ ತರಗತಿಗೆ ಬರುವ ಹೊತ್ತಿಗೆ ದುಂಡಗಾಗಿದ್ದಳು. ಒಂದೇ ತಟ್ಟೆಯ ಊಟ, ಒಂದೇ ಬೀದಿಯ ಆಟ. ಒಬ್ಬೊಬ್ಬರ ಮೈ ಒಂದೊಂದು ಥರ ಎಂದು ಮನೆಯವರು ಅದನ್ನು ಅಲ್ಲಿಗೇ ಬಿಟ್ಟರು.

ಪ್ರತಿ ವರ್ಷ ಶಾಲೆ ತೆರೆಯುವ ಹೊತ್ತಿಗೆ ಇಂಚಣ್ಣ ತಮ್ಮ ಮಕ್ಕಳನ್ನೂ ಮೇಜಿನ ಪಕ್ಕ ನಿಲ್ಲಿಸಿ ಅಳೆಯುತ್ತಿದ್ದರು. ಚಿಕ್ಕವಳ ಅಳತೆಯನ್ನು ಇದ್ದ ಹಾಗೆ ಕೂಗುತ್ತಿದ್ದರು. ದೊಡ್ಡವಳ ಅಳತೆ ಕೂಗಿ ಮೇಜಿಗೆ ಒಂದು ಸಲ ತಟ್ಟುತ್ತಿದ್ದರು. ಮುಂದೆ ಅದು ಎರಡಾಯಿತು, ಮೂರಾಯಿತು. ಅವಳಿಗೆ ಹದಿನಾಲ್ಕಾದ ವರ್ಷ ಟೇಪು ಮೂವತ್ತಾರು ತೋರಿಸಿತು. ಇಂಚಣ್ಣ "ಮೂವತ್ತೊಂದು" ಎಂದು ಕೂಗಿ ಐದು ಸಲ ತಟ್ಟಿದರು.

ಅದೇ ದಿನ, ಒಂದು ಗಂಟೆಯ ನಂತರ, ಅವಳು ಶಾಲೆಯಿಂದ ತಂದಿದ್ದ ಆರೋಗ್ಯ ತಪಾಸಣೆಯ ಫಾರಂ ಮುಂದಿಟ್ಟಳು. ಶಾಲೆಯ ತೂಕದ ಯಂತ್ರ ಕೆಟ್ಟು ಎರಡು ವರ್ಷವಾಗಿತ್ತು. ಎತ್ತರದ ಅರ್ಧಕ್ಕಿಂತ ಸೊಂಟದ ಸುತ್ತಳತೆ ಹೆಚ್ಚಿದ್ದ ಮಕ್ಕಳನ್ನು ರಕ್ತ ಪರೀಕ್ಷೆಗೆ ಕಳಿಸುವುದೆಂದು ಅಲ್ಲಿನ ನರ್ಸ್ ನಿಯಮ ಮಾಡಿಕೊಂಡಿದ್ದರು. ಉಳಿದ ಮಕ್ಕಳನ್ನು ಅವರೇ ಅಳೆದಿದ್ದರು. ಇವಳಿಗೆ ಮಾತ್ರ, "ನಿಮ್ಮಪ್ಪ ಟೈಲರ್ ಅಲ್ವಾ, ಅವರ ಟೇಪು ನನ್ನದಕ್ಕಿಂತ ಸರಿ. ಅವರ ಕೈಲೇ ಬರೆಸ್ಕೊಂಡು ಬಾ" ಎಂದಿದ್ದರು.

ಎತ್ತರ ಅರವತ್ತನಾಲ್ಕು ಇಂಚು. ಇಂಚಣ್ಣ ಅದನ್ನು ಬರೆದರು. ಸೊಂಟದ ಖಾನೆಗೆ ಬಂದಾಗ ಪೆನ್ನು ನಿಂತಿತು. ಮಗಳು ಎದುರಿಗೇ ನಿಂತಿದ್ದಳು. ಈಗಷ್ಟೇ ಮೂವತ್ತೊಂದು ಎಂದು ಕೇಳಿಸಿಕೊಂಡವಳ ಮುಂದೆ ಮೂವತ್ತಾರು ಎಂದು ಬರೆಯಲು ಅವರಿಗೆ ಆಗಲಿಲ್ಲ. ಮೂವತ್ತೊಂದು ಎಂದು ಬರೆದು ಸಹಿ ಹಾಕಿದರು. ಪರೀಕ್ಷೆಯ ಗೆರೆ ಮೂವತ್ತೆರಡಕ್ಕೆ ಇತ್ತು. ಹೆಂಡತಿ ಆಗ ಮೇಲೆ ಅಡುಗೆಮನೆಯಲ್ಲಿದ್ದರು. ಅವರು ಆ ಫಾರಂ ನೋಡಲಿಲ್ಲ.

ಒಂದೂವರೆ ವರ್ಷ ಕಳೆಯಿತು. ದೊಡ್ಡವಳ ಕತ್ತಿನ ಹಿಂಭಾಗ ಕಪ್ಪಾಗುತ್ತ ಬಂತು. ಅಮ್ಮ ಅದನ್ನು ಕೊಳೆ ಎಂದು ಉಜ್ಜಿದರು, ಹೋಗಲಿಲ್ಲ. ನೀರಿನ ಬಾಟಲಿ ಮಧ್ಯಾಹ್ನದೊಳಗೆ ಎರಡು ಸಲ ಖಾಲಿಯಾಗತೊಡಗಿತು. ಹೊಸ ಶೂ ಕಚ್ಚಿ ಹಿಮ್ಮಡಿಯಲ್ಲಿ ಎದ್ದ ಬೊಕ್ಕೆ ಮೂರು ವಾರವಾದರೂ ಮಾಯಲಿಲ್ಲ. ಕ್ಲಿನಿಕ್ಕಿಗೆ ಹೋದದ್ದು ಆ ಬೊಕ್ಕೆಗೆ ಮುಲಾಮು ತರಲೆಂದು. ರಕ್ತ ನೋಡಿದ ಡಾಕ್ಟರಮ್ಮ ಮತ್ತೆರಡು ಪರೀಕ್ಷೆ ಬರೆದರು. ಸಕ್ಕರೆ ಏರಿತ್ತು, ಯಕೃತ್ತಿನಲ್ಲಿ ಕೊಬ್ಬು ತುಂಬಿತ್ತು.

ಮಗಳು ಪಕ್ಕದ ಕೋಣೆಯಲ್ಲಿ ಇನ್ನೊಮ್ಮೆ ರಕ್ತ ಕೊಡಲು ಕೂತಿದ್ದಾಗ ಡಾಕ್ಟರಮ್ಮ ಒಂದು ಚೀಟಿ ಎಳೆದುಕೊಂಡು ಮನೆಯ ವಿವರ ಕೇಳಿದರು. ಮಕ್ಕಳೆಷ್ಟು, ಹುಟ್ಟಿದ್ದು ಯಾವಾಗ, ಒಬ್ಬೊಬ್ಬರೂ ಹುಟ್ಟುವ ಮುಂಚೆ ನಿಮ್ಮಿಬ್ಬರ ತೂಕ ಎಷ್ಟು.

"ದೊಡ್ಡವಳಿಗೆ ಮುಂಚೆ ನಂದು ತೊಂಬತ್ತೈದು ಇತ್ತು" ಎಂದರು ಇಂಚಣ್ಣ. ಅವರ ಬೆರಳು ಡಾಕ್ಟರ ಮೇಜನ್ನು ಮೆಲ್ಲಗೆ ತಟ್ಟುತ್ತಿತ್ತು.

ಹೆಂಡತಿ ಆ ಬೆರಳನ್ನು ನೋಡಿದರು. "ಇಲ್ಲೂ ಶುರು ಮಾಡಿದ್ರಾ? ನೂರ ಹದಿನೆಂಟು ಬರ್ಕೊಳ್ಳಿ ಡಾಕ್ಟ್ರೇ. ನಂದು ತೊಂಬತ್ತೆರಡು. ಚಿಕ್ಕವಳು ಹುಟ್ಟೋ ಮುಂಚೆ ಇವರದು ಎಂಬತ್ತೊಂದು, ನಂದು ಅರವತ್ತಾರು."

ಡಾಕ್ಟರಮ್ಮ ಬರೆದುಕೊಂಡರು. "ಚಿಕ್ಕವಳು ಹೇಗಿದ್ದಾಳೆ?"

"ಚೆನ್ನಾಗಿದ್ದಾಳೆ." ಇಂಚಣ್ಣನಿಗೆ ಏನೋ ಹೊಳೆದಂತಾಯಿತು. "ಅದಕ್ಕೂ ಇದಕ್ಕೂ ಏನಾದ್ರೂ ಇದೆಯಾ?"

"ಇರಬಹುದು ಅಂತ ಹುಡುಕ್ತಾ ಇರೋರು ಇದ್ದಾರೆ. ಗರ್ಭ ನಿಲ್ಲೋ ಮುಂಚೆ ತಾಯಿ ತೂಕ ಎಷ್ಟಿತ್ತು ಅನ್ನೋದಕ್ಕೂ ಮಗುವಿನ ಮುಂದಿನ ಆರೋಗ್ಯಕ್ಕೂ ಸಂಬಂಧ ಇರೋ ಹಾಗೆ ಕಾಣುತ್ತೆ. ತಂದೆ ತೂಕಕ್ಕೂ ಇರಬಹುದು, ಅದು ಇನ್ನೂ ಅಷ್ಟು ಸ್ಪಷ್ಟ ಇಲ್ಲ. ಇಲಿಗಳಲ್ಲಿ ಕಂಡಿದ್ದನ್ನ ಮನುಷ್ಯರಿಗೆ ಹಾಗೇ ಎತ್ತಿ ಹೇಳಕ್ಕಾಗಲ್ಲ. ಊಟ, ನಿದ್ದೆ, ಓಡಾಟ, ಹುಟ್ಟು ಗುಣ, ಎಲ್ಲ ಸೇರಿರುತ್ತೆ. ಒಂದು ಮಗುನ ತೋರ್ಸಿ, ಇದಕ್ಕೆ ಹೀಗಾಗಿದ್ದು ಇದರಿಂದಲೇ ಅಂತ ಯಾವ ಡಾಕ್ಟರೂ ಹೇಳಲ್ಲ."

"ಮತ್ತೆ ಯಾಕೆ ಕೇಳಿದ್ರಿ?"

"ಅಂಥ ಮಕ್ಕಳ ಮೇಲೆ ಮೊದಲಿಂದ ಒಂದು ಕಣ್ಣಿಟ್ಟಿರೋದು ಒಳ್ಳೇದು, ಅದಕ್ಕೆ." ಅವರು ಶಾಲೆಯಿಂದ ತರಿಸಿಕೊಂಡಿದ್ದ ಹಳೆಯ ಫಾರಂ ತಿರುವಿದರು. "ಹದಿನಾಲ್ಕರಲ್ಲಿ ಸೊಂಟ ಮೂವತ್ತೊಂದು. ಒಂದೂವರೆ ವರ್ಷಕ್ಕೆ ಇಷ್ಟು ಏರಿತಾ? ಬೇರೆ ಅಳತೆ ಏನಾದ್ರೂ ಇದೆಯಾ ನಿಮ್ಮ ಹತ್ರ?"

ಹೆಂಡತಿ ಕೈಚೀಲದಿಂದ ಅಳತೆ ಪುಸ್ತಕ ತೆಗೆದರು. ಬೇಕಾಗಬಹುದೆಂದು ತಂದಿದ್ದರು. ಹಾಳೆ ಮಗುಚಿ ಬೆರಳಿಟ್ಟರು. ಅದೇ ತಾರೀಕು, ಮೂವತ್ತಾರು.

ಡಾಕ್ಟರಮ್ಮ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಹೆಂಡತಿಯೂ ಆಗಲೇ ಮೊದಲ ಸಲ ಆ ಫಾರಂ ನೋಡಿದ್ದು.

"ಈ ಮೂವತ್ತಾರು ಬಂದಿದ್ರೆ ಅವಳನ್ನ ಆಗ್ಲೇ ಕರೆಸಿರ್ತಿದ್ರು" ಎಂದರು ಡಾಕ್ಟರಮ್ಮ. ಸ್ವರದಲ್ಲಿ ಸಿಟ್ಟಿರಲಿಲ್ಲ. "ಆಗ ಸಕ್ಕರೆ ಬರೀ ಗೆರೆ ಹತ್ರ ಇದ್ದಿರಬಹುದು. ಎಷ್ಟು ತಡೀಬಹುದಿತ್ತು ಅಂತ ಈಗ ಹೇಳಕ್ಕಾಗಲ್ಲ."

ಮಗಳಿಗೆ ಇದನ್ನು ಹೇಳಬೇಡಿ ಎಂದು ಇಂಚಣ್ಣ ಕೇಳಿಕೊಂಡರು. "ನಾನು ಹೇಳಲ್ಲ. ನೀವೇ ಹೇಳಿ" ಎಂದರು ಅವರು. "ಮೂರು ವಾರ ಬಿಟ್ಟು ಬನ್ನಿ. ಬರೋ ಮುಂಚೆ ಸೊಂಟ ಅಳೆದು ಬರ್ಕೊಂಡು ಬನ್ನಿ. ಅವಳಿಗೂ ಸರಿಯಾದ ಅಂಕಿ ಗೊತ್ತಿರ್ಬೇಕು. ಇನ್ಮುಂದೆ ಆ ಮೈ ನೋಡ್ಕೋಬೇಕಾದವಳು ಅವಳು."

ಆ ಮೂರು ವಾರ ಇಂಚಣ್ಣ ಹೆದರಿದ್ದು ಒಂದು ಪ್ರಶ್ನೆಗೆ. ತಂಗಿಗಾಗಿ ಇಳಿಸಿದಿರಿ, ನನಗಾಗಿ ಯಾಕೆ ಇಳಿಸಲಿಲ್ಲ? ಮಗಳು ಒಂದು ದಿನ ಅದನ್ನು ಕೇಳಿಯೇ ಕೇಳುತ್ತಾಳೆ ಎಂದು ಅವರಿಗೆ ಅನ್ನಿಸಿಬಿಟ್ಟಿತ್ತು. ಉತ್ತರಗಳನ್ನು ಕತ್ತರಿಸಿ ಜೋಡಿಸಿ ನೋಡಿದರು. ಯಾವುದೂ ಮೈಗೆ ಕೂರಲಿಲ್ಲ.

ಅವಳು ಶಾಲೆಯಿಂದ ಬಂದು ಮೆಟ್ಟಿಲು ಹತ್ತುವಾಗ ಅವರು ಯಂತ್ರ ನಿಲ್ಲಿಸಿ ಕೇಳುತ್ತಿದ್ದರು. ಏಳನೇ ಮೆಟ್ಟಿಲಿಗೆ ನಿಲ್ಲುವುದು, ಎಡಗೈಯನ್ನು ಮಂಡಿಗೆ ಊರುವುದು, ಮೂಗಿನಿಂದ ಒಂದು ಉಸಿರು ಬಿಡುವುದು. ಅದು ಅವರದೇ ಹಳೆಯ ಹತ್ತುವಿಕೆ. ಹತ್ತು ವರ್ಷದ ಹಿಂದೆ ತಾವು ಬಿಟ್ಟು ಬಂದ ಆಸಾಮಿ ಆ ಮೆಟ್ಟಿಲಲ್ಲೇ ಕಾದಿದ್ದು ಈಗ ಮಗಳ ಮೈಯೊಳಗೆ ಹತ್ತುತ್ತಿದ್ದಾನೆ ಎನ್ನಿಸುತ್ತಿತ್ತು. ಇಸ್ತ್ರಿಯವನ ಹಳೆಯ ತಮಾಷೆ ನೆನಪಾಗುತ್ತಿತ್ತು. ಉಳಿದ ಅರ್ಧ ಎಲ್ಲಿ ಬಿಟ್ಟು ಬಂದ್ರಿ?

ಒಂದು ಮಧ್ಯಾಹ್ನ ಮಕ್ಕಳಿಲ್ಲದ ಹೊತ್ತಿನಲ್ಲಿ ಟ್ರಂಕಿನಿಂದ ಆ ಕಂದು ಪ್ಯಾಂಟು ತೆಗೆದು ತೊಟ್ಟುಕೊಂಡು ಕನ್ನಡಿಯ ಮುಂದೆ ನಿಂತರು. ಮುಂದೆ ಒಂದಡಿಯಷ್ಟು ಬಟ್ಟೆ ಖಾಲಿ ಜೋತುಬಿದ್ದಿತ್ತು. ಆ ಖಾಲಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಇದ್ದರು. ಹೆಂಡತಿ ಕಾಜಾ ಹಾಕುತ್ತಿದ್ದ ಅಂಗಿ ಕೆಳಗಿಟ್ಟು ನೋಡಿದರು.

"ಅದರೊಳಗೆ ಯಾರನ್ನ ಹುಡುಕ್ತಾ ಇದ್ದೀರಿ?"

"ನಾವು ಅವಳಿಗೆ ಅನ್ಯಾಯ ಮಾಡಿದ್ವಿ ಕಣೇ."

"ಹುಟ್ಟೋ ಮುಂಚಿನದು ನಮಗೆ ಗೊತ್ತಿರ್ಲಿಲ್ಲ. ಡಾಕ್ಟ್ರಿಗೂ ಪೂರ್ತಿ ಗೊತ್ತಿಲ್ಲ. ನೀವು ಅದನ್ನೇ ತಬ್ಕೊಂಡು ಅಳ್ತಾ ಇದ್ದೀರಿ, ಯಾಕೆ ಗೊತ್ತಾ? ಅದಕ್ಕೆ ಯಾರೂ ನಿಮ್ಮನ್ನ ಬೈಯಕ್ಕಾಗಲ್ಲ." ಹೆಂಡತಿ ಮತ್ತೆ ಸೂಜಿ ಎತ್ತಿಕೊಂಡರು. "ಆ ಫಾರಂ ನೀವು ಕೈಯಾರೆ ಬರೆದಿದ್ದು. ಬರೆಯೋ ದಿನ ಗೊತ್ತಿತ್ತು. ಮೊದ್ಲು ಅದನ್ನ ಹೇಳಿ ಅವಳಿಗೆ. ನಾನೂ ಸಾಚಾ ಏನಲ್ಲ, ನೀವು ತಟ್ಟಿದಾಗೆಲ್ಲ ಕೂಡ್ಕೊಂಡು ಬರೆದೋಳು ನಾನೇ. ಒಂದು ದಿನ ಅವಳ ಕೈಗೆ ಪುಸ್ತಕ ಕೊಟ್ಟು ಓದು ಅಂದಿದ್ರೆ ಆಗ್ತಿತ್ತು."

ಇಂಚಣ್ಣ ಪ್ಯಾಂಟು ಕಳಚಿ ಮಡಚಿದರು. ಸಂಜೆ ಒಬ್ಬ ಗಿರಾಕಿಯ ಅಳತೆ ತೆಗೆದು ಎರಡು ಸಲ ತಟ್ಟಿದಾಗ ಆ ಶಬ್ದ ಇಡೀ ಬೀದಿಗೆ ಕೇಳಿಸಿತೇನೋ ಎಂದು ತಿರುಗಿ ನೋಡಿದರು.

ಮೂರನೇ ವಾರದ ಭಾನುವಾರ, ಬೆಳಗಿನ ಹತ್ತು ಗಂಟೆ. ಅಂಗಡಿಯ ಬಾಗಿಲು ಅರ್ಧ ಎಳೆದಿತ್ತು. ಚಿಕ್ಕವಳು ಹೊರಗೆ ಬೀದಿಯಲ್ಲಿ ಕುಂಟಾಟ ಆಡುತ್ತಿದ್ದಳು. ದೊಡ್ಡವಳು ತಾನಾಗಿಯೇ ಬಂದು ಮೇಜಿನ ಪಕ್ಕ ನಿಂತು ಕೈಗಳನ್ನು ಪಕ್ಕಕ್ಕೆ ಎತ್ತಿದಳು. ಹೆಂಡತಿ ಪುಸ್ತಕ ತೆರೆದು ಕೂತರು. ಇಂಚಣ್ಣ ಟೇಪು ಸುತ್ತಿದರು. ಮೂವತ್ತೇಳು. ಹೇಳಬೇಕೆಂದು ಬಾಯಿ ತೆರೆದರು. ಮೂವತ್ತು ವರ್ಷದ ಅಭ್ಯಾಸ, ಬಲಗೈ ತಾನಾಗಿ ಮೇಜಿನ ಅಂಚಿನ ಕಡೆ ಎದ್ದಿತು.

"ಅಪ್ಪಾ, ತಟ್ಬೇಡ."

ಕೈ ಅಲ್ಲೇ ನಿಂತಿತು.

"ನಿಂಗೆ ಗೊತ್ತಾ?"

"ಎರಡನೇ ಕ್ಲಾಸಿಂದ ಗೊತ್ತು. ನಾನು ಈ ಮೇಜಿನ ಕೆಳಗೇ ತಾನೆ ಹೋಂವರ್ಕ್ ಮಾಡ್ಕೊಂಡು ಬೆಳೆದಿದ್ದು? ಮೇಲಿಗಿಂತ ಕೆಳಗೆ ಜೋರಾಗಿ ಕೇಳ್ಸುತ್ತೆ." ಅವಳು ಕನ್ನಡಿಯೊಳಗಿನ ಅಪ್ಪನನ್ನು ನೋಡುತ್ತ ಹೇಳಿದಳು. "ನಂಗೆ ಮೊದ್ಲು ಒಂದು ತಟ್ತಿದ್ದೆ. ಆಮೇಲೆ ಎರಡು, ಮೂರು. ಹದಿನಾಲ್ಕಾದಾಗ ಐದು. ಪುಟ್ಟಿಗೆ ಯಾವತ್ತೂ ತಟ್ಲಿಲ್ಲ."

ಹೆಂಡತಿಯ ಪೆನ್ನು ಪುಸ್ತಕದ ಮೇಲೆ ಉರುಳಿತು.

"ಗೊತ್ತಿದ್ದೂ ಆ ಫಾರಂ ಬರೆಯೋವಾಗ ಯಾಕೆ ಸುಮ್ನಿದ್ದೆ?" ಇಂಚಣ್ಣನ ದನಿ ಸಣ್ಣದಾಗಿತ್ತು.

"ನೀನು ಪೆನ್ನು ಹಿಡ್ಕೊಂಡು ನನ್ನ ಮುಖ ನೋಡ್ದೆ. ತಪ್ಪು ಅಂತ ನಾನು ಹೇಳಿದ್ರೆ ನಿಂಗೆ ನಾಚಿಕೆ ಆಗ್ತಿತ್ತು." ಎತ್ತಿದ್ದ ಕೈಗಳನ್ನು ಇಳಿಸಿ, "ನಂಗೂ ಆಗ್ತಿತ್ತು" ಎಂದಳು.

ಒಬ್ಬರ ಮರ್ಯಾದೆಯನ್ನು ಇನ್ನೊಬ್ಬರು ಕಾದು ಇಬ್ಬರೂ ಸೇರಿ ಐದು ಇಂಚನ್ನು ಮುಚ್ಚಿಟ್ಟಿದ್ದರು. ಇಂಚಣ್ಣ ಟೇಪನ್ನು ಕೊರಳಿಗೆ ಹಾಕಿಕೊಂಡು ಸ್ಟೂಲಿನ ಮೇಲೆ ಕೂತರು. ಆಗ ಬಂತು, ಅವರು ಮೂರು ವಾರ ಕಾದಿದ್ದ ಮಾತು.

"ಆವತ್ತು ಡಾಕ್ಟ್ರ ಮೇಜಿನ ಮೇಲಿದ್ದ ಚೀಟೀಲಿ ಬರ್ದಿತ್ತು. ನಾನು ಹುಟ್ಟೋ ಮುಂಚೆ ಇಷ್ಟು, ಅವಳು ಹುಟ್ಟೋ ಮುಂಚೆ ಇಷ್ಟು ಅಂತ. ಓದಕ್ಕೆ ಬರುತ್ತಲ್ಲ ನಂಗೆ. ಅವಳಿಗೋಸ್ಕರ ಇಳ್ಸಿದ್ರಿ, ಮೈದಾನದಲ್ಲಿ ನಾನೂ ನಿಮ್ಮ ಜೊತೆ ನಡೀತಿದ್ದೆ. ನಂಗೋಸ್ಕರ ಯಾಕೆ ಇಳ್ಸಿಲ್ಲ?"

ಇಂಚಣ್ಣ ಕೊರಳಿನ ಟೇಪನ್ನು ತೆಗೆದು ಮೇಜಿನ ಮೇಲಿಟ್ಟರು.

"ಗೊತ್ತಿರ್ಲಿಲ್ಲ ಕಣೇ. ಯಾರೂ ಹೇಳಿರ್ಲಿಲ್ಲ. ಹೇಳಿದ್ರೆ ಇಳಿಸ್ತಿದ್ವೋ ಇಲ್ವೋ, ಅದೂ ಗೊತ್ತಿಲ್ಲ. ಅದರಿಂದಲೇ ನಿಂಗೆ ಹೀಗಾಯ್ತಾ ಅಂತಾನೂ ಗೊತ್ತಿಲ್ಲ." ಅವರು ಅಂಗುಸ್ತಾನವನ್ನು ಬೆರಳಿನಿಂದ ತೆಗೆದರು. "ಆದ್ರೆ ಆ ಐದು ಗೊತ್ತಿತ್ತು. ಫಾರಂನಲ್ಲಿ ಸರಿಯಾಗಿ ಬರ್ದಿದ್ರೆ ನಿನ್ನ ಆಗ್ಲೇ ಕರೀತಿದ್ರು. ಅದು ನನ್ ತಪ್ಪು. ಅದಕ್ಕೆ ಬೇರೆ ಯಾರೂ ಕಾರಣ ಅಲ್ಲ."

ಹೊರಗೆ ಚಿಕ್ಕವಳ ಕುಂಟಾಟದ ಹೆಜ್ಜೆ ಕೇಳುತ್ತಿತ್ತು. ದೊಡ್ಡವಳು ಅಳಲಿಲ್ಲ, ಪರವಾಗಿಲ್ಲ ಎಂದೂ ಹೇಳಲಿಲ್ಲ. ಅಮ್ಮನ ಮುಂದಿನಿಂದ ಪುಸ್ತಕ ಎಳೆದುಕೊಂಡು, "ಎಷ್ಟು? ಈಗ ಹೇಳು" ಎಂದಳು.

"ಮೂವತ್ತೇಳು."

ಅವಳು ಬರೆದಳು. ಬರೆದು ಪುಸ್ತಕವನ್ನು ಅಪ್ಪನ ಕಡೆ ತಿರುಗಿಸಿದಳು. "ಸರಿಯಾಗಿದೆಯಾ ನೋಡು."

ಆ ದಿನದಿಂದ ಅವಳ ಪುಟವನ್ನು ಅವಳೇ ಬರೆಯುತ್ತಾಳೆ. ಮಾತ್ರೆ ನಡೆಯುತ್ತಿದೆ, ಬೆಳಗಿನ ಮೈದಾನದ ಸುತ್ತು ನಡೆಯುತ್ತಿದೆ, ಹಿಮ್ಮಡಿಯ ಗಾಯ ಮಾಯ್ದಿದೆ. ನಾಲ್ಕು ತಿಂಗಳ ನಂತರದ ಅಳತೆ ಮೂವತ್ತಾರು. ಡಾಕ್ಟರಮ್ಮ ಇದಕ್ಕೆ ಹಿಗ್ಗಲೂ ಇಲ್ಲ, ಗೊಣಗಲೂ ಇಲ್ಲ. ಹೀಗೇ ನೋಡ್ಕೊಂಡು ಹೋಗೋಣ ಎಂದರು.

ಇಂಚಣ್ಣ ಈಗ ಯಾರ ಅಳತೆಯನ್ನೂ ಕೂಗುವುದಿಲ್ಲ. ಟೇಪು ತೋರಿಸಿದ್ದನ್ನು ಇದ್ದ ಹಾಗೆ ಚೀಟಿಯಲ್ಲಿ ಬರೆದು ಮೊದಲು ಗಿರಾಕಿಗೆ ತೋರಿಸಿ ಆಮೇಲೆ ಹೆಂಡತಿಗೆ ಕೊಡುತ್ತಾರೆ. ಕೆಲವರು ಮುಖ ಸಿಂಡರಿಸುತ್ತಾರೆ. ಒಬ್ಬರು ಬೇರೆ ಟೈಲರ್ ಹುಡುಕಿಕೊಂಡರು. "ಯಾಕೆ ಇಂಚಣ್ಣ, ಬಾಯಿಗೆ ಗುಂಡಿ ಹಾಕ್ಕೊಂಡ್ರಾ?" ಎಂದು ಇಸ್ತ್ರಿಯವನು ಕೇಳುತ್ತಾನೆ. ಅಂಗುಸ್ತಾನ ಗುಂಡಿಗಳ ಡಬ್ಬಿಯಲ್ಲಿದೆ. ಸೂಜಿ ಚುಚ್ಚಿ ಚುಚ್ಚಿ ಬೆರಳ ತುದಿ ಒರಟಾಗಿದೆ, ಆದರೂ ಅವರು ಅದನ್ನು ಹಾಕಿಕೊಳ್ಳುವುದಿಲ್ಲ.

ಮಧ್ಯಾಹ್ನ ಶಾಲೆಯಿಂದ ಬಂದ ದೊಡ್ಡವಳು ಕತ್ತರಿಸುವ ಮೇಜಿನ ತುದಿಯಲ್ಲಿ ಕೂತು ಗಣಿತ ಬಿಡಿಸುತ್ತಾಳೆ. ಯೋಚನೆಗೆ ಬಿದ್ದಾಗ ಪೆನ್ಸಿಲಿನ ಹಿಂಬದಿಯಿಂದ ಮೇಜಿನ ಅಂಚಿಗೆ ತಟ್ಟುವುದು ಅವಳ ಅಭ್ಯಾಸ. ಟಕ್, ಟಕ್. ಇಂಚಣ್ಣನ ಕಾಲು ಪೆಡಲಿನ ಮೇಲೆ ನಿಲ್ಲುತ್ತದೆ. ಆಚೆ ಬದಿಯಲ್ಲಿ ಹೆಂಡತಿಯ ಸೂಜಿ ಬಟ್ಟೆಯ ನಡುವೆ ನಿಲ್ಲುತ್ತದೆ. ಇಬ್ಬರೂ ಒಬ್ಬರನ್ನೊಬ್ಬರು ನೋಡುವುದಿಲ್ಲ. ಟಕ್, ಟಕ್, ಟಕ್. ಎಣಿಸಬಾರದು ಎಂದುಕೊಂಡೇ ಎಣಿಸುತ್ತಾರೆ. ಅವಳು ಉತ್ತರ ಬರೆದು ಹಾಳೆ ಮಗುಚಿದ ಮೇಲೆಯೇ ಯಂತ್ರ ಮತ್ತೆ ಓಡುತ್ತದೆ.